ಕೇರಿಗೆ ಬಾರದ ಪಾಠ

ಆನ್‌ಲೈನ್ ಪಾಠದ ಮೇಲೆ ಸರ್ಕಾರದ ಹಿಡಿತ ಇರಬೇಕೇ ಬೇಡವೇ ಎಂದು ದೊಡ್ಡವರು ವಾದ ಮಾಡ್ತಾರೆ. ನಾವು ಕೇಳೋದು ಬೇರೆ: ಆ ಹಿಡಿತ ಯಾರ ಮಕ್ಕಳಿಗಾಗಿ?

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು. ತಜ್ಞರ ಸಮಿತಿ ಕೂತಿತು. ಪೋಷಕರು ಹೈಕೋರ್ಟಿಗೆ ಹೋದರು. ಸಂವಿಧಾನದ 21 ಮತ್ತು 21ಎ ವಿಧಿಗಳ ಹಕ್ಕಿಗೆ ಇದು ಅಡ್ಡಿ ಎಂದು ಮೇಲ್ನೋಟಕ್ಕೆ ಕಂಡ ಕೋರ್ಟು ಜುಲೈ 8ರಂದು ತಡೆ ಕೊಟ್ಟಿತು. ನಿಷೇಧ ತಟ್ಟಿದ್ದೂ ಫೋನಿದ್ದ ಮನೆಗೆ, ತಡೆ ಮುಟ್ಟಿದ್ದೂ ಫೋನಿದ್ದ ಮನೆಗೆ.

ನಮ್ಮ ಕಡೆ ಆಗ ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮುರಿಯೋ ಕಾಲ. ಓದೋ ಕೈಗಳು ಬ್ಯಾರನ್ ಮುಂದೆ ಸೊಪ್ಪು ಕಟ್ಟಿದವು. ಹೆಗ್ಗಡದೇವನಕೋಟೆಯ ಎಷ್ಟೋ ಹಾಡಿಗಳಲ್ಲಿ ಸಿಗ್ನಲ್ಲೇ ಇಲ್ಲ.

ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ತಂದಿತು. ಮೇಷ್ಟ್ರುಗಳು ಊರಿಗೇ ಬಂದು ಮರದಡಿ, ಸಮುದಾಯ ಭವನದಲ್ಲಿ, ಗುಡಿ ಜಗುಲಿಯಲ್ಲಿ ಪಾಠ ಹೇಳಿದರು. ಒಳ್ಳೇದೇ. ಆದರೆ ನಮ್ಮ ಮಕ್ಳನ್ನ ಹತ್ತಿಸಿಕೊಳ್ಳದ ಜಗುಲಿಗಳೂ ಈ ನಾಡಲ್ಲಿವೆ ಅಂತ ಸುತ್ತೋಲೆ ಬರೆದೋರು ನೆನೆದರೇ? ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಕಾಲೇಜಿನ ಮಾತೂ ಇದೇ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗೆ ಕೋರ್ಸುಗಳನ್ನು 'ಸ್ವಯಂ' ಮೂಲಕ ಓದಬಹುದು. ಕೋರ್ಸಿಗೆಷ್ಟು ಕ್ರೆಡಿಟ್ಟು ಅನ್ನೋ ಲೆಕ್ಕ ಪಕ್ಕಾ ಇದೆ. ಕೂಲಿಗೆ ಹೋದ ಅಪ್ಪನ ಜೇಬಿನಲ್ಲೇ ಮನೆಯ ಒಂದೇ ಫೋನು ಹೋದರೆ ಮಗಳು ಯಾವುದರಲ್ಲಿ ಓದಬೇಕು ಅನ್ನೋ ಲೆಕ್ಕ ಎಲ್ಲಿದೆ?

ಹಿಡಿತ ಬೇಡ ಅನ್ನೋರಲ್ಲ ನಾವು. ಪಾಠ ತಲುಪದ ಮಗುವಿನಿಂದ ಅದು ಶುರುವಾಗಲಿ. ಗೆಳೆಯರೇ, ಮೇಷ್ಟ್ರುಗಳೇ, ಕೇರಿ ಕೇರಿ ಸುತ್ತಿ ಆ ಪಟ್ಟಿ ನಾವೇ ಬರೆಯೋಣ. ಬರೆದು ಬಿಇಒ ಮೇಜಿನ ಮೇಲಿಟ್ಟು ಉತ್ತರ ಕೇಳೋಣ.