ಕಾಯಿ ಕಡಿಯದ ಆಟ

ಕಳೆದ ಬೇಸಗೆಯ ರಜೆಯಲ್ಲಿ ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ನಂಟರೊಬ್ಬರ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಆ ಮನೆಯ ಪಡಸಾಲೆಯಲ್ಲಿ ಎರಡು ಆಟಗಳು ಒಟ್ಟಿಗೆ ನಡೆದಿದ್ದವು. ಒಂದು ಮೂಲೆಯಲ್ಲಿ ಎಂಬತ್ತು ದಾಟಿದ ಅಜ್ಜಿ ನೆಲದ ಮೇಲೆ ಸುಣ್ಣದಿಂದ ಮನೆಗಳನ್ನು ಬರೆದು, ನೆರೆಮನೆಯಾಕೆಯೊಡನೆ ಚೌಕಾಬಾರ ಹೂಡಿದ್ದರು. ಇನ್ನೊಂದು ಮೂಲೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ಟೀವಿಗೆ ಕನ್ಸೋಲ್ ಜೋಡಿಸಿಕೊಂಡು ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್ ಮೂರು’ ಆಡುತ್ತಿದ್ದ. ಪರದೆಯ ಮೇಲೆ ರಾಕ್ಷಸರು ಎದುರಿಗೇ ನಿಂತಿದ್ದರೂ ಯಾರೂ ಕದಲದಿದ್ದುದನ್ನು ಕಂಡು ಅಜ್ಜಿ ಕೇಳಿದರು: “ಈಗ ಯಾರ ಪಾಳಿ ಐತೋ?” “ನಂದು” ಎಂದ ಹುಡುಗ. ಅಜ್ಜಿಗೆ ಆಟದ ಗುಟ್ಟು ತಿಳಿದುಹೋಯಿತು. ವಿಮರ್ಶಕನಿಗೂ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಬೇಕಿಲ್ಲ.

ಈ ಜಾತಿಯ ಆಟಗಳಲ್ಲಿ ಕೈಯ ಚುರುಕಿಗೆ ಬೆಲೆಯಿಲ್ಲ. ಆಡುವವನು ಒಂದು ಪಾತ್ರ ವಹಿಸಿ, ಮೂವರು ಸಂಗಾತಿಗಳನ್ನು ಕಟ್ಟಿಕೊಂಡು ಲೋಕಸಂಚಾರ ಹೊರಡುತ್ತಾನೆ. ಕಾಳಗ ಒದಗಿದಾಗ ಯೋಚಿಸಿ ಆಜ್ಞೆ ಕೊಡುತ್ತಾನೆ. ವೈರಿ ತನ್ನ ಪಾಳಿಯಲ್ಲಿ ಉತ್ತರ ಹೇಳುತ್ತಾನೆ. ಯೂಜಿ ಹೋರಿಯಿ ರಚಿಸಿ, ಅಕಿರಾ ತೊರಿಯಾಮಾ ಚಿತ್ರ ಬರೆದು, ಕೊಯಿಚಿ ಸುಗಿಯಾಮಾ ಸಂಗೀತ ಕೂಡಿಸಿದ ಈ ಆಟ 1988ರ ಫೆಬ್ರವರಿ 10ರಂದು ಹೊರಬಂದಾಗ ಜಪಾನಿನ ಅಂಗಡಿಗಳ ಮುಂದೆ ಸಾಲುಗಟ್ಟಿದವರಲ್ಲಿ ಶಾಲೆ ತಪ್ಪಿಸಿ ಬಂದ ಮಕ್ಕಳೂ ಇದ್ದರು. ಆಟವೆಲ್ಲ ಅಡಗಿದ್ದುದು 256 ಕಿಲೋಬೈಟುಗಳಲ್ಲಿ. ಇಂದು ನಮ್ಮ ಜೇಬಿನ ಫೋನು ತೆಗೆಯುವ ಒಂದು ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು. ಎಡೆ ಸಾಲದ ಕಾರಣ ಆರಂಭದ ಪರದೆಗೆ ಚಿತ್ರವೂ ಇರಲಿಲ್ಲ, ಸಂಗೀತವೂ ಇರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬರಿಯ ಹೆಸರು.

ಇದರ ಹೊಸ ಅವತಾರವನ್ನು ಸ್ಕ್ವೇರ್ ಎನಿಕ್ಸ್ ಸಂಸ್ಥೆ 2024ರ ನವೆಂಬರ್ 14ರಂದು ಹೊರತಂದಿತು. ಸುಗಿಯಾಮಾ 2021ರಲ್ಲಿ, ತೊರಿಯಾಮಾ 2024ರ ಮಾರ್ಚಿನಲ್ಲಿ ತೀರಿಕೊಂಡಿದ್ದರು. ಮೂವರಲ್ಲಿ ಹೊಸ ಪ್ರತಿಯ ಬಿಡುಗಡೆಯನ್ನು ಕಂಡವರು ಹೋರಿಯಿ ಒಬ್ಬರೇ.

ಹಳೆಯದನ್ನು ಮತ್ತೆ ಮಾಡುವುದೇ ತಪ್ಪೆನ್ನುವ ಹಕ್ಕು ಕನ್ನಡಿಗರಿಗಂತೂ ಇಲ್ಲ. ನಮ್ಮ ಹಿರಿಯ ಕಾವ್ಯಗಳು ವ್ಯಾಸರ ಕಥೆಯನ್ನು ಮತ್ತೆ ಮತ್ತೆ ಹೇಳಿದವುಗಳೇ. ಹತ್ತನೆಯ ಶತಮಾನದಲ್ಲಿ ಪಂಪ ಅರ್ಜುನನ ಜಾಗದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ಈ ಆಟ ಮಾಡುವುದೂ ಅದನ್ನೇ: ನಾಯಕನಿಗೆ ಆಡುವವನ ಹೆಸರನ್ನೇ ಇಡುತ್ತದೆ, ಅವನ ಬಾಯಲ್ಲಿ ಮಾತಿಡುವುದಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ, ಏಕೆ ಮತ್ತೆ ಮಾಡಿದರು ಎಂಬುದಲ್ಲ. ಮಾಡುವಾಗ ಯಾವುದನ್ನು ಉಳಿಸಿದರು, ಯಾವುದಕ್ಕೆ ಹೆದರಿದರು ಎಂಬುದು.

ಉಳಿಸಿದ್ದು ಬಹಳವಿದೆ. ಹಳೆಯ ಚುಕ್ಕಿಚಿತ್ರದ ಗೊಂಬೆಗಳಂಥ ಆಕೃತಿಗಳನ್ನೇ ಆಳ, ಬೆಳಕು, ನೆರಳುಗಳುಳ್ಳ ದೃಶ್ಯಗಳ ನಡುವೆ ನಿಲ್ಲಿಸಿದ್ದಾರೆ. ಗೊಂಬೆಯಾಟದ ರಂಗಕ್ಕೆ ಒಳ್ಳೆಯ ದೀಪ ಹಚ್ಚಿದಂತಾಗಿದೆ. ಸಂಗೀತ ಈಗ ದೊಡ್ಡ ವಾದ್ಯವೃಂದದ್ದು. ಕೋಡಂಗಿಯ ಪ್ರಸಂಗವನ್ನೂ ಕೆಡಿಸಿಲ್ಲ. ಸಂಗಾತಿಗಳಲ್ಲಿ ಕೋಡಂಗಿಯೊಬ್ಬನನ್ನು ಆರಿಸಿಕೊಳ್ಳಬಹುದು. ಕಾಳಗದ ನಡುವೆ ಹೇಳಿದ ಮಾತು ಕೇಳದೆ ಮಂಗಾಟ ಮಾಡುವುದೇ ಅವನ ಕಸುಬು. ಆದರೆ ಇಪ್ಪತ್ತನೆಯ ಮಟ್ಟದವರೆಗೆ ಅವನನ್ನು ಸಹಿಸಿಕೊಂಡರೆ, ಉಳಿದವರಿಗೆ ಗ್ರಂಥವೊಂದರ ನೆರವಿಲ್ಲದೆ ದೊರೆಯದ ಜ್ಞಾನಿಯ ಪದವಿ ಅವನಿಗೆ ಬರಿಗೈಯಲ್ಲೇ ದೊರೆಯುತ್ತದೆ. ಆ ಮಾರ್ಪಾಡು ನಡೆಯುವ ಮಂದಿರದ ಜಪಾನೀ ಹೆಸರು ‘ದಾಮಾ’. ನಮ್ಮ ಕಿವಿಗೆ ಅದು ಧರ್ಮವೆಂದೇ ಕೇಳುತ್ತದೆ. ಸಹನೆಗೆ ಇಷ್ಟು ದೊಡ್ಡ ಬಹುಮಾನ ಕೊಟ್ಟ ಆಟಗಳು ವಿರಳ.

ನಮ್ಮ ನಾಡಿನ ನೆರಳೂ ಈ ಕಥೆಯಲ್ಲಿದೆ. ಪೋರ್ತೋಗ ಎಂಬ ರಾಜ್ಯದ ದೊರೆ, ಪೂರ್ವದೇಶದಿಂದ ಕರಿಮೆಣಸು ತಂದವರಿಗೆ ಹಡಗು ಕೊಡುವೆನೆನ್ನುತ್ತಾನೆ. ಮೆಣಸು ಸಿಗುವ ಊರಿನ ಹೆಸರು ಬಹರತ. ಅಲ್ಲಿನ ತರುಣನ ಹೆಸರು ಗುಪ್ತ. ಅವನನ್ನೂ ಅವನ ಪ್ರಿಯೆಯನ್ನೂ ಕಳ್ಳರಿಂದ ಬಿಡಿಸಿದರೆ ಮೆಣಸು ಕೈಸೇರುತ್ತದೆ. ಚರಿತ್ರೆಯಲ್ಲಿ ಮೆಣಸನ್ನು ಅರಸಿ ಹಡಗು ಬಂದದ್ದು ಪಶ್ಚಿಮದಿಂದ, ಫಿರಂಗಿಗಳನ್ನು ಹೊತ್ತುಕೊಂಡು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಬರಿಯ ಪ್ರೀತಿಯಿಂದಲ್ಲ. 1988ರ ಪುಟ್ಟ ಪೆಟ್ಟಿಗೆಯಲ್ಲಿ ಇಷ್ಟು ಸೂಚಿಸಿದ್ದೇ ಹೆಚ್ಚು ಎನ್ನಬಹುದಿತ್ತು. ಇಂದು ಎಡೆಯ ಕೊರತೆಯಿಲ್ಲ. ಆದರೂ ಹೊಸ ಸನ್ನಿವೇಶಗಳು ನಾಯಕನ ತಂದೆಯ ಸಾಹಸಗಳಿಗೆ ಸಂದಿವೆ. ಬಹರತಕ್ಕೆ ಸಂದದ್ದು ಬಣ್ಣ. ಆ ತಂದೆಯ ವಿಷಯದಲ್ಲೂ ಲಾಭಕ್ಕಿಂತ ನಷ್ಟ ಹೆಚ್ಚು. ಮೊದಲು ಅವನು ಊರೂರಿನ ಜನರ ಬಾಯಿಮಾತಿನಲ್ಲಿ ಬದುಕಿದ್ದ. ಕಣ್ಣಿಗೆ ಕಂಡಮೇಲೆ ಸಾಮಾನ್ಯ ವೀರನೊಬ್ಬನಾಗುತ್ತಾನೆ.

ಇನ್ನು ಹೆದರಿದ ವಿಷಯ. ಇಂದಿನವರಿಗೆ ತಾಳ್ಮೆಯಿಲ್ಲವೆಂಬ ಅಂಜಿಕೆ ಈ ಕೃತಿಯ ಉದ್ದಕ್ಕೂ ಕಾಣುತ್ತದೆ. ಹೋಗಬೇಕಾದ ದಿಕ್ಕಿಗೆ ಗುರುತು, ಕಾಳಗವನ್ನು ಓಡಿಸಲು ವೇಗದ ಏರ್ಪಾಡು, ಸಂಗಾತಿಗಳು ತಾವೇ ಯೋಚಿಸಿ ಹೋರಾಡುವ ಸೌಕರ್ಯ, ಸೋತ ಕಾಳಗವನ್ನು ಮತ್ತೆ ಆಡುವ ಅವಕಾಶ. ಮೂಲದಲ್ಲಿ ಎಲ್ಲರೂ ಮಡಿದರೆ ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗುತ್ತಿತ್ತು, ದೊರೆಯ ಬೈಗುಳವನ್ನೂ ಕೇಳಬೇಕಾಗುತ್ತಿತ್ತು. ಈ ಸೌಕರ್ಯಗಳಲ್ಲಿ ಹಲವು ಬೇಡವೆಂದರೆ ಬಿಡಬಹುದಾದವು. ದಿನವಿಡೀ ದುಡಿದು ಬಂದವನಿಗೆ ಅವು ಉಪಕಾರವೇ ಸರಿ. ಆದರೆ ಮೂರು ಮಟ್ಟಗಳಲ್ಲಿ ಅತಿ ಸುಲಭವಾದದ್ದನ್ನು ನಾನು ಒಪ್ಪಲಾರೆ. ಅದರಲ್ಲಿ ಎಷ್ಟು ಪೆಟ್ಟು ತಿಂದರೂ ನಮ್ಮವರಾರೂ ಸಾಯುವುದಿಲ್ಲ. ಜೀವದ ಅಂಕೆ ಒಂದಕ್ಕೆ ಬಂದು ನಿಂತುಬಿಡುತ್ತದೆ.

ಹುಡುಗ ಆಡುತ್ತಿದ್ದುದು ಆ ಮಟ್ಟವನ್ನೇ. ಅದನ್ನು ಅಜ್ಜಿಗೆ ವಿವರಿಸಿ ಹೇಳಿದಾಗ ಅವರು ನಕ್ಕರು. “ಕಾಯಿ ಕಡೀಲಿಲ್ಲಂದ್ರ ಕವಡಿ ಯಾಕ ಹಾಕಬೇಕೋ?” ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮೊದಲ ಮನೆಗೆ ಹಿಂತಿರುಗಿ ಮತ್ತೆ ಹೊರಡಬೇಕು. ಆ ಭಯವಿರುವುದರಿಂದಲೇ ಕವಡೆಗಳು ಕೈಯಲ್ಲಿ ಅಷ್ಟು ಹೊತ್ತು ಕುಲುಕುತ್ತವೆ. ಪಾಳಿಯೆಂದರೆ ಸುಮ್ಮನೆ ಕಾಯುವುದಲ್ಲ. ಕಳೆದುಕೊಳ್ಳಬಹುದಾದುದನ್ನು ಎದುರಿಗಿಟ್ಟುಕೊಂಡು ಯೋಚಿಸುವುದು. ಅದನ್ನು ತೆಗೆದರೆ ಉಳಿಯುವುದು ಚೆಂದದ ಚಿತ್ರಗಳ ಮೆರವಣಿಗೆ. ಸ್ತುತಿಗೆ ಪಾತ್ರವಾದ ಈ ಹೊಸ ಪ್ರತಿಯ ಮುಖ್ಯ ದೋಷ ಇದೆಂದು ನನ್ನ ಅಭಿಪ್ರಾಯ. ಮೂಲವನ್ನು ಕೆಡಿಸಿದ್ದಾರೆಂದಲ್ಲ, ಅದರ ಜೀವಾಳವನ್ನು ಒಂದು ಗುಂಡಿಯ ಒತ್ತಿಗೆ ಅಳಿಸಬಹುದಾದ ಅಲಂಕಾರವೆಂದು ಬಗೆದಿದ್ದಾರೆ.

ಮಾರನೆಯ ದಿನ ಹುಡುಗ ಮಟ್ಟ ಬದಲಿಸಿಕೊಂಡಿದ್ದ. ಅವನ ತಂಡದ ಅರ್ಚಕಿಗೆ ‘ಅಜ್ಜಿ’ ಎಂದು ಹೆಸರಿಟ್ಟಿದ್ದನೆಂಬುದು ನನಗೆ ಆಗ ತಿಳಿಯಿತು. ಸಂಜೆಯ ಹೊತ್ತಿಗೆ ಗುಹೆಯೊಂದರಲ್ಲಿ ಆಕೆ ಬಿದ್ದಳು. ಈ ಆಟದಲ್ಲಿ ಮಡಿದ ಸಂಗಾತಿಯ ಶವಪೆಟ್ಟಿಗೆ ಉಳಿದವರ ಹಿಂದೆ ಹಿಂದೆಯೇ ಬರುತ್ತದೆ. ಊರಿನ ದೇವಾಲಯಕ್ಕೆ ಹೋಗಿ ಹಣ ತೆತ್ತು ಎಬ್ಬಿಸಬೇಕು. ಹುಡುಗ ವೇಗದ ಗುಂಡಿ ಮುಟ್ಟಲಿಲ್ಲ. ಪ್ರತಿ ಕಾಳಗದಲ್ಲೂ ಎರಡೆರಡು ಸಲ ಯೋಚಿಸುತ್ತ, ಪೆಟ್ಟಿಗೆಯನ್ನು ಎಳೆದುಕೊಂಡು ಊರಿನ ಕಡೆಗೆ ನಡೆದ. ಅಜ್ಜಿ ಕವಡೆ ಕೆಳಗಿಟ್ಟು, ಅವನು ಮುಟ್ಟುವವರೆಗೂ ನೋಡುತ್ತ ಕುಳಿತಿದ್ದರು.