ಫ್ಲೆಮಿಷ್ ಚಿತ್ರಜವನಿಕೆಯೊಂದರ ವರ್ಣವಿಚಾರ

ಪ್ರಾಚೀನ ಕಾವ್ಯವನ್ನು ವಿಮರ್ಶಿಸುವವನು ಮೊದಲು ಪಾಠಶುದ್ಧಿಯನ್ನು ನೋಡಿಕೊಳ್ಳಬೇಕೆಂಬುದು ಸರ್ವಸಮ್ಮತವಾದ ನಿಯಮವು. ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಚಮತ್ಕಾರವೆಂದು ಕೊಂಡಾಡುವುದು ನಗೆಪಾಟಲಿಗೆ ಎಡೆಯಾಗುವುದು. ನೆಯ್ದ ಚಿತ್ರಗಳಿಗೂ ಈ ನಿಯಮವು ಸಲ್ಲುವುದು. ಅಲ್ಲಿ ಪಾಠವನ್ನು ಕೆಡಿಸುವ ಲಿಪಿಕಾರನೆಂದರೆ ಬೆಳಕು. ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ವಸ್ತುಸಂಗ್ರಹಾಲಯದಲ್ಲಿರುವ ಏಳು ಟ್ಯಾಪೆಸ್ಟ್ರಿಗಳಲ್ಲಿ ಬಹು ಪ್ರಸಿದ್ಧವಾದ ಒಂದು ಇದಕ್ಕೆ ನಿದರ್ಶನವಾಗಿದೆ. ಯೂನಿಕಾರ್ನ್ ಎಂಬ ಒಂಟಿಕೊಂಬಿನ ಕಲ್ಪಿತಮೃಗದ ಬಂಧನವೇ ಅದರ ವಸ್ತು.

ಈ ಜವನಿಕೆಗಳು 1495ರಿಂದ 1505ರವರೆಗಿನ ಅವಧಿಯಲ್ಲಿ ನಿರ್ಮಿತವಾದುವೆಂದು ವಿದ್ವಾಂಸರು ಎಣಿಸಿರುವರು. ಮೂಲರೇಖೆ ಪ್ಯಾರಿಸಿನದು, ನೆಯ್ಗೆ ದಕ್ಷಿಣ ನೆದರ್ಲೆಂಡ್ಸಿನದು. ಉಣ್ಣೆಯ ಹಾಸಿನ ಮೇಲೆ ಉಣ್ಣೆ, ರೇಷ್ಮೆ, ಬೆಳ್ಳಿ ಮತ್ತು ಚಿನ್ನದ ಮುಲಾಮಿನ ಎಳೆಗಳು ಹೊಕ್ಕಾಗಿ ಸೇರಿವೆ.

ಚಿತ್ರದ ನಡುವೆ ಬೆಳ್ಳಗಿನ ಮೃಗವು ಮರದ ಬೇಲಿಯೊಳಗೆ ಮಲಗಿದೆ. ಕೊರಳಪಟ್ಟಿಯ ಸರಪಣಿಯು ದಾಳಿಂಬೆಯ ಮರಕ್ಕೆ ತೊಡರಿದೆ. ಬೇಲಿಯಾದರೋ ಒಂದು ನೆಗೆತಕ್ಕೆ ಸಾಲದಷ್ಟು ತಗ್ಗಾಗಿದೆ. ಸುತ್ತಲೂ ಕಡುಹಸುರಿನ ನೆಲದಲ್ಲಿ ಹೂಗಳು ಕಿಕ್ಕಿರಿದಿವೆ. ಮೃಗದ ಮೈಮೇಲೆ ಕೆಂಪು ಹನಿಗಳುಂಟು. ನೋಡುವವನು ಅವುಗಳನ್ನು ನೆತ್ತರೆಂದೇ ತಿಳಿಯುವನು. ಆದರೆ ಮೈಯಲ್ಲಿ ಗಾಯವೊಂದೂ ಕಾಣದು. ಕಣ್ಣೆತ್ತಿದಾಗ ಬಿರಿದ ದಾಳಿಂಬೆಗಳು ಗೋಚರವಾಗುವುವು. ಆಗ ಕೆಂಪು ಹಣ್ಣಿನ ರಸವಾಗಿ ಪರಿಣಮಿಸುವುದು. ಈ ಕೃತಿಯು ಉಳಿದವುಗಳಲ್ಲಿರುವ ಬೇಟೆಯ ಕಥೆಗೆ ಮುಕ್ತಾಯವೋ ಪ್ರತ್ಯೇಕವಾದುದೋ ಎಂಬಲ್ಲಿ ಏಕಾಭಿಪ್ರಾಯವಿಲ್ಲ. ಕೊಲ್ಲಲ್ಪಟ್ಟು ಮರಳಿ ಬದುಕಿದ ಕ್ರಿಸ್ತನ ಸಂಕೇತವೆಂದು ಕೆಲವರೂ, ಪ್ರೇಮಪಾಶಕ್ಕೆ ತಾನಾಗಿಯೇ ಒಳಗಾದ ವರನೆಂದು ಕೆಲವರೂ ಹೇಳುವರು. ಕಥೆಯ ಆಧಾರವೇ ಸಂದಿಗ್ಧವಾದಲ್ಲಿ ಅರ್ಥನಿರ್ಣಯದ ಭಾರವು ಬಣ್ಣದ ಮೇಲೆ ಬೀಳುವುದು.

ನೇಕಾರರಿಗಿದ್ದ ಮುಖ್ಯವಾದ ಬಣ್ಣದ ಗಿಡಗಳು ಮೂರೇ: ಕೆಂಪಿಗೆ ನಮ್ಮ ಮಂಜಿಷ್ಠದ ಕುಲದ ಮ್ಯಾಡರ್, ನೀಲಿಗೆ ವೋಡ್, ಹಳದಿಗೆ ವೆಲ್ಡ್. ಹಸುರು ಸ್ವತಂತ್ರವರ್ಣವಲ್ಲ, ಹಳದಿ ನೀಲಿಗಳ ಸಂಯೋಗದಿಂದ ಹುಟ್ಟಿದುದು. ಇವುಗಳಲ್ಲಿ ಹಳದಿಯು ಬೆಳಕಿಗೆ ಬೇಗ ಸೋಲುವುದು, ನೀಲಿಯು ನಿಲ್ಲುವುದು. ಆದಕಾರಣ ಹಳೆಯ ಟ್ಯಾಪೆಸ್ಟ್ರಿಗಳ ಎಲೆಗಳು ನೀಲಿಗೆ ತಿರುಗಿರುವುದು ಸಾಮಾನ್ಯ. ಆ ಶೀತಲಚ್ಛಾಯೆಯನ್ನು ಸ್ವಪ್ನಲೋಕದ ಮಂಕುಬೆಳಕೆಂದು ವರ್ಣಿಸುವುದು ಸುಲಭವಾದರೂ ಕಾಲವು ಮಾಡಿದುದನ್ನು ಕಲಾವಿದನ ತಲೆಗೆ ಕಟ್ಟಿದಂತಾಗುವುದು.

ಸುದೈವದಿಂದ ಇಲ್ಲಿ ಮತ್ತೊಂದು ಪಾಠವು ಉಳಿದಿದೆ. ಟ್ಯಾಪೆಸ್ಟ್ರಿಯಲ್ಲಿ ಚಿತ್ರವು ಬಟ್ಟೆಯ ಮೇಲೆ ಬರೆದುದಲ್ಲ, ಹೊಕ್ಕಿನ ಎಳೆಯೇ ಚಿತ್ರ. ಆದುದರಿಂದ ಹಿಮ್ಮಗ್ಗುಲಲ್ಲಿಯೂ ಅದೇ ರೂಪವು ಎಡಬಲ ಪಲ್ಲಟವಾಗಿ ಇರುವುದು. 1998ರಲ್ಲಿ ಈ ಜವನಿಕೆಗಳ ಹಿಂದಣ ಅಸ್ತರಿಯನ್ನು ಬಿಚ್ಚಿ ತೊಳೆದಾಗ, ಬೆಳಕು ಸೋಕದಿದ್ದ ಆ ಮಗ್ಗುಲಿನ ಬಣ್ಣಗಳು ಮುಂಭಾಗಕ್ಕಿಂತ ಉಜ್ವಲವಾಗಿ ಕಂಡುಬಂದುವು.

ಈ ಸಾಕ್ಷ್ಯವು ಅಲ್ಪವಾದುದಲ್ಲ. ಹಸುರು ಮಂಕಾದಷ್ಟೂ ತೋಟವು ಸೆರೆಮನೆಯಾಗಿ, ಕೆಂಪು ನೆತ್ತರಾಗಿ ತೋರುವುದು. ಹಸುರು ತುಂಬಿದರೆ ತೋಟವು ವಸಂತವಾಗಿ, ದಾಳಿಂಬೆಯು ಫಲಸಮೃದ್ಧಿಯಾಗಿ, ಬಂಧನವು ಒಪ್ಪಿ ಧರಿಸಿದ ಆಭರಣವಾಗಿ ಅರ್ಥಪಡೆಯುವುದು. ಕ್ರಿಸ್ತನೋ ವರನೋ ಎಂಬ ವಿವಾದವನ್ನು ಬಣ್ಣವು ತೀರಿಸಲಾರದು. ಆದರೆ ಎರಡು ಪಕ್ಷಕ್ಕೂ ಸಮಾನವಾದ ಭಾವವು ಶೋಕವಲ್ಲ, ಆನಂದವೆಂಬುದನ್ನು ಅದು ನಿಶ್ಚಯಪಡಿಸುವುದು. ರಸನಿರ್ಣಯಕ್ಕೆ ಮುನ್ನ ವಿಮರ್ಶಕನು ಬಟ್ಟೆಯ ಬೆನ್ನನ್ನೂ ಓದತಕ್ಕದ್ದು.