ಸುಧನ್ವೋಪಾಖ್ಯಾನವೂ ಕಾರವಾರ-ಅಂಕೋಲೆಗಳ ಶ್ರೋತೃಗಳೂ

ಲಕ್ಷ್ಮೀಶಕವಿಯ ‘ಜೈಮಿನಿಭಾರತ’ಕ್ಕೆ ಕನ್ನಡನಾಡಿನಲ್ಲಿ ದೊರೆತಿರುವ ಪ್ರಚಾರವು ಸರ್ವವಿದಿತವಾದುದು. ವಾರ್ಧಕಷಟ್ಪದಿಯ 34 ಸಂಧಿಗಳ ಈ ಕಾವ್ಯದ ಛಂದಸ್ಸು, ಉಪಮಾಸಂಪತ್ತು, ಕವಿಯ ದೇಶಕಾಲ ಮುಂತಾದ ವಿಷಯಗಳನ್ನು ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ವಿಚಾರಮಾಡಿದ್ದಾರೆ. ಆದರೆ ಈ ಕಾವ್ಯವನ್ನು ಓದಿದವರು ಮತ್ತು ಕೇಳಿದವರು ಇದರ ವಿಷಯವಾಗಿ ಏನೆಂದುಕೊಂಡರೆಂಬುದು ಅಷ್ಟಾಗಿ ವಿಚಾರಕ್ಕೆ ಬಂದಂತಿಲ್ಲ. ಇದರೊಳಗಿನ ಒಂದು ಉಪಾಖ್ಯಾನವನ್ನು ಮಾತ್ರ ತೆಗೆದುಕೊಂಡು, ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲೆಗಳ ಸೀಮೆಯ ಶ್ರೋತೃಗಳನ್ನು ಮುಂದಿಟ್ಟುಕೊಂಡು, ಆ ಪ್ರಶ್ನೆಯನ್ನು ಇಲ್ಲಿ ಕಿಂಚಿತ್ತು ಪರಿಶೀಲಿಸಲು ಉದ್ದೇಶಿಸಿದ್ದೇನೆ.

ಮೊದಲು ಈ ಕಥೆಯ ಹುಟ್ಟನ್ನು ನೋಡೋಣ. ವ್ಯಾಸಭಾರತದ ಆಶ್ವಮೇಧಿಕಪರ್ವದಲ್ಲಿ ಅರ್ಜುನನು ಯಜ್ಞಾಶ್ವದ ಬೆನ್ನಹಿಂದೆ ಹೋಗಿ ತ್ರಿಗರ್ತರು, ಪ್ರಾಗ್ಜ್ಯೋತಿಷದ ವಜ್ರದತ್ತ, ಸೈಂಧವರು, ಮಣಿಪುರದ ಬಭ್ರುವಾಹನ ಮೊದಲಾದವರನ್ನು ಎದುರಿಸುತ್ತಾನೆ. ಸುಧನ್ವನಾಗಲಿ ಮಯೂರಧ್ವಜನಾಗಲಿ ಚಂದ್ರಹಾಸನಾಗಲಿ ಅಲ್ಲಿಲ್ಲ. ಇವರೆಲ್ಲರೂ ಜೈಮಿನಿಯ ಹೆಸರಿನಲ್ಲಿರುವ ಸಂಸ್ಕೃತ ಅಶ್ವಮೇಧಪರ್ವದಿಂದ ಬಂದವರು. ಕುದುರೆಯು ಎತ್ತ ಬೇಕಾದರೂ ಹೋಗಬಹುದಾದುದರಿಂದ, ಅದು ನಿಂತಲ್ಲೆಲ್ಲ ಒಂದು ಹೊಸ ರಾಜ್ಯ, ಒಬ್ಬ ಹೊಸ ವೀರ, ಒಂದು ಅದ್ಭುತಕಥೆ ಹುಟ್ಟಲು ಅವಕಾಶವಾಯಿತು. ಮಹಾಕಥೆಯ ಕಾಂಡದಿಂದ ಒಡೆದ ಈ ಕೊಂಬೆಗಳಿಗೆ ಕನ್ನಡದಲ್ಲಿ ವಿಶೇಷವಾದ ಇಂಬು ದೊರೆತುದಕ್ಕೆ ಮತ್ತೊಂದು ಕಾರಣವೂ ಉಂಟು. ಕುಮಾರವ್ಯಾಸನ ಭಾರತವು ಗದಾಪರ್ವದೊಡನೆ ಮುಗಿಯುತ್ತದೆ. ಉಳಿದ ಪರ್ವಗಳನ್ನು ತಿಮ್ಮಣ್ಣಕವಿಯು ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದನಾದರೂ, ಜನರ ಕಿವಿಯಲ್ಲಿ ನಿಂತ ಅಶ್ವಮೇಧವು ಲಕ್ಷ್ಮೀಶನದೇ.

ಕಾರವಾರ-ಅಂಕೋಲೆಗಳ ಶ್ರೋತೃವರ್ಗವು ಒಂದು ಬಗೆಯಲ್ಲಿ ವಿಶಿಷ್ಟವಾದುದು. ಈ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಕಾರವಾರದಲ್ಲಿ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಹಿಂದಿನ ತಲೆಗಳಲ್ಲಿ ಮರಾಠಿಯ ಅಭ್ಯಾಸವಿದ್ದವರೂ ಅನೇಕರು. ಅಂತಹವರಿಗೆ ಶ್ರೀಧರಕವಿಯ ಮರಾಠಿ ಓವಿಗಳಿಂದಲೂ ಈ ಉಪಾಖ್ಯಾನಗಳ ಪರಿಚಯವಾಗುವ ಸಂಭವವಿತ್ತು. ಅಂಕೋಲೆಯ ಕಡೆಯಲ್ಲಿಯಾದರೋ ಇವು ಯಕ್ಷಗಾನದ ಪ್ರಸಂಗಗಳಾಗಿ, ಬೇಸಗೆಯ ಬಯಲಾಟದಲ್ಲಿಯೂ ಮಳೆಗಾಲದ ತಾಳಮದ್ದಳೆಯಲ್ಲಿಯೂ, ಪುಸ್ತಕವನ್ನು ಮುಟ್ಟದವರಿಗೂ ತಿಳಿದಿವೆ.

ಕಥೆಯ ಸಾರವಿಷ್ಟು: ಚಂಪಕಾಪುರದ ಹಂಸಧ್ವಜನು ಯಜ್ಞಾಶ್ವವನ್ನು ಕಟ್ಟಿಸಿ, ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಸಾರುತ್ತಾನೆ. ಪತ್ನಿಯಾದ ಪ್ರಭಾವತಿಯ ಪ್ರಾರ್ಥನೆಯಿಂದ ತಡೆದು ಬಂದ ಮಗ ಸುಧನ್ವನೇ ಆ ಶಿಕ್ಷೆಗೆ ಗುರಿಯಾಗುತ್ತಾನೆ. ಹರಿಸ್ಮರಣೆಯ ಬಲದಿಂದ ಅವನು ಬೇಯುವುದಿಲ್ಲ. ಎಣ್ಣೆ ಕಾದಿಲ್ಲವೆಂದು ಶಂಕಿಸಿದ ಪುರೋಹಿತರು ತೆಂಗಿನಕಾಯಿಯನ್ನು ಹಾಕಿಸಲು, ಅದು ಸಿಡಿದು ಇಬ್ಭಾಗವಾಗಿ ಶಂಖಲಿಖಿತರ ಹಣೆಗಳಿಗೇ ಬಡಿಯುತ್ತದೆ. ಬಳಿಕ ಯುದ್ಧ. ಸುಧನ್ವನು ಅರ್ಜುನನನ್ನು ಕಂಗೆಡಿಸಿ, ಸಾರಥಿಯಾದ ಕೃಷ್ಣನನ್ನು ಕರೆಯೆಂದು ಮೂದಲಿಸುತ್ತಾನೆ. ಕೃಷ್ಣನು ಬರುತ್ತಾನೆ. ಮೂರೇ ಬಾಣಗಳಿಂದ ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ, ಮೂರನ್ನೂ ಕಡಿಯುವೆನೆಂದು ಸುಧನ್ವನ ಪ್ರತಿಜ್ಞೆ. ಕೃಷ್ಣನು ಗೋವರ್ಧನವನ್ನೆತ್ತಿದ ಪುಣ್ಯವನ್ನೇ ಬಾಣಕ್ಕೆ ಧಾರೆಯೆರೆದರೂ ಸುಧನ್ವನು ಅದನ್ನು ಕಡಿಯುತ್ತಾನೆ. ಮೂರನೆಯದೂ ತುಂಡಾಗುತ್ತದೆ, ಆದರೆ ಅದರ ತುಂಡೇ ಅವನ ಶಿರಸ್ಸನ್ನು ಹರಿಯುತ್ತದೆ.

ಇದನ್ನು ಕೇಳಿದವರ ಆಕ್ಷೇಪಗಳು ಪ್ರಾಯಶಃ ಮೂರು ವಿಧವಾಗಿವೆ. ಮೊದಲನೆಯದು ಪಂಡಿತರದು: ವ್ಯಾಸರಲ್ಲಿಲ್ಲದ ಕಥೆಗೆ ಪ್ರಾಮಾಣ್ಯವೆಲ್ಲಿ? ಎರಡನೆಯದು ಭಾರತಪ್ರಿಯರದು: ಭೀಷ್ಮಕರ್ಣರ ಮುಂದೆ ನಿಂತ ಗಾಂಡೀವಿಯನ್ನು ಹೆಸರು ಕೇಳದ ಅರಸುಮಕ್ಕಳ ಕೈಯಲ್ಲಿ ನಗೆಗೀಡುಮಾಡುವುದು ಉಚಿತವೇ? ಮೂರನೆಯದು ಸಾಮಾನ್ಯರದು, ಹೆಚ್ಚಾಗಿ ಹೆಂಗಸರದು: ಹೆತ್ತ ತಂದೆಯು ಮಗನನ್ನು ಎಣ್ಣೆಗೆ ಹಾಕಿಸಬಹುದೇ? ಪ್ರಭಾವತಿಯು ಮಾಡಿದ ತಪ್ಪೇನು?

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವು ಸುಲಭ. ಉಪಾಖ್ಯಾನವು ಮೂಲಕ್ಕೆ ಪ್ರತಿಸ್ಪರ್ಧಿಯಾಗಿ ನಿಲ್ಲುವುದಿಲ್ಲ, ಮೂಲವನ್ನು ಬಲ್ಲವರನ್ನೇ ನಂಬಿ ನಡೆಯುತ್ತದೆ. ಕುರುಕ್ಷೇತ್ರವನ್ನರಿಯದವನಿಗೆ ಸುಧನ್ವನ ಮೂದಲಿಕೆಯ ಸ್ವಾರಸ್ಯವೇ ತಿಳಿಯದು.

ಎರಡನೆಯದು ಗಂಭೀರವಾದುದು. ಅಂಕೋಲೆಯ ಕಡೆ ಮಳೆಗಾಲದ ಒಂದು ರಾತ್ರಿ ಈ ಪ್ರಸಂಗದ ತಾಳಮದ್ದಳೆಯನ್ನು ಕೇಳುತ್ತಿದ್ದೆನು. ಎರಡನೆಯ ಬಾಣವು ತುಂಡಾದಾಗ ಸಭೆಯಲ್ಲೆದ್ದ ಹರ್ಷಧ್ವನಿಯು ಅರ್ಜುನನ ಪರವಾಗಿರಲಿಲ್ಲ. ಪಕ್ಕದಲ್ಲಿದ್ದ ವೃದ್ಧರೊಬ್ಬರನ್ನು, ಪಾಂಡವರ ಸೋಲು ನಿಮಗೆ ಹಿತವೇ ಎಂದು ಕೇಳಿದೆನು. ಅವರೆಂದರು: “ಅರ್ಜುನ ಸೋಲಲಿ ಅಂತ ನಾ ಹೇಳುದಿಲ್ಲ, ತಮಾ. ಸುಧನ್ವ ಸಾಯಬಾರದು, ಅಷ್ಟೇ.”

ಈ ಎರಡು ವಾಕ್ಯಗಳಲ್ಲಿ ಉಪಾಖ್ಯಾನದ ಮರ್ಮವಿದೆಯೆಂದು ನನ್ನ ಅಭಿಪ್ರಾಯ. ಕುರುಕ್ಷೇತ್ರದಲ್ಲಿ ಕೃಷ್ಣನು ಯಾರ ರಥದಲ್ಲಿದ್ದನೋ ಅವರ ಕಡೆಗೆ ನಮ್ಮ ಮನಸ್ಸೂ ಇರುತ್ತಿತ್ತು. ಚಂಪಕಾಪುರದಲ್ಲಿ ಕೃಷ್ಣನು ಅರ್ಜುನನ ರಥದಲ್ಲಿದ್ದಾನೆ, ಸುಧನ್ವನ ನಾಲಗೆಯಲ್ಲಿಯೂ ಇದ್ದಾನೆ. ಎದುರಾಳಿಯೂ ಅವನ ಭಕ್ತನೇ ಆದರೆ ಜಯಕ್ಕೆ ಅರ್ಥವೇನು? ಮಹಾಭಾರತವನ್ನು ಕೇಳುತ್ತಿದ್ದಾಗ ಮನಸ್ಸಿನಲ್ಲಿ ಮೂಡಿ, ಕೇಳಲಾರದೆ ಉಳಿದ ಈ ಪ್ರಶ್ನೆಯನ್ನು ಇಲ್ಲಿ ಕಥೆಯೇ ಬಾಯಿಬಿಟ್ಟು ಕೇಳುತ್ತದೆ. ಆದುದರಿಂದ ಸುಧನ್ವನ ಪಕ್ಷವನ್ನು ವಹಿಸುವ ಶ್ರೋತೃವನ್ನು ಮೂಲವನ್ನರಿಯದವನೆಂದು ಹೇಳಲಾಗದು. ಮೂಲವನ್ನು ಚೆನ್ನಾಗಿ ಬಲ್ಲುದರಿಂದಲೇ ಅವನು ಹಾಗೆ ಮರುಗುತ್ತಾನೆ. ಅರ್ಜುನನು ಇಲ್ಲಿ ಕುಗ್ಗುವನೆಂಬುದು ನಿಜ. ಕೃಷ್ಣನಿಲ್ಲದ ಅರ್ಜುನನೆಷ್ಟರವನೆಂಬುದನ್ನು ತೋರಿಸಲಿಕ್ಕೇ ಅವನು ಕುಗ್ಗಿದ್ದಾನೆ.

ಮೂರನೆಯ ಆಕ್ಷೇಪಕ್ಕೆ ನಮ್ಮ ವಿಮರ್ಶಕರು ಕೊಡುವ ಉತ್ತರವು ಮಾತ್ರ ನನಗೆ ತೃಪ್ತಿಕರವಾಗಿಲ್ಲ. ಭಕ್ತಿಯ ಮಹಿಮೆಯನ್ನು ತೋರುವುದಕ್ಕಾಗಿ ಶಿಕ್ಷೆಯು ಬೇಕಾಯಿತೆಂದು ಹೇಳಿ ಅವರು ಮುಂದುವರಿಯುತ್ತಾರೆ. ಮಗನು ಬೇಯದೆ ಉಳಿದುದರಿಂದ ತಂದೆಯ ಆಜ್ಞೆಯು ಸಾಧುವಾಗುವುದೇ? ಪವಾಡವು ಸುಧನ್ವನ ಮಹತ್ವಕ್ಕೆ ಸಾಕ್ಷಿಯಾಗಬಲ್ಲುದೇ ಹೊರತು ಹಂಸಧ್ವಜನಿಗೆ ಕ್ಷಮಾಪತ್ರವಾಗಲಾರದು. ತೆಂಗಿನಕಾಯಿಯ ಹೋಳುಗಳು ಶಂಕಿಸಿದವರಿಗೆ ಬಡಿದುವು; ಆಜ್ಞೆಯಿತ್ತವನಿಗೆ ಏನೂ ತಗಲಲಿಲ್ಲ. ಈ ಕೊರತೆಯನ್ನು ವಿದ್ವಾಂಸರಿಗಿಂತ ಮೊದಲು ಕಂಡವರು ತಾಯಂದಿರು.

ಇನ್ನು ಈ ಸೀಮೆಯ ಒಂದು ವಿಶೇಷವನ್ನು ಹೇಳಬೇಕು. ತಾಳಮದ್ದಳೆಯಲ್ಲಿ ಭಾಗವತನು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಅದನ್ನು ಆಶುವಾಗಿ ವಿಸ್ತರಿಸುತ್ತಾನೆ. ಸಮರ್ಥನಾದ ಅರ್ಥಧಾರಿಯು ಮೇಲಣ ಆಕ್ಷೇಪಗಳನ್ನೆಲ್ಲ ಬಲ್ಲವನು. ಹಂಸಧ್ವಜನ ಪಾತ್ರದಲ್ಲಿ ಕುಳಿತು ಅರಸನ ನುಡಿಗೂ ತಂದೆಯ ಕರುಳಿಗೂ ಇರುವ ಕಲಹವನ್ನು ಅವನು ಆಡಿ ತೋರಿಸುತ್ತಾನೆ. ಪ್ರಭಾವತಿಯ ಪಾತ್ರಧಾರಿಯು ತನ್ನ ನ್ಯಾಯವನ್ನು ತಾನೇ ವಾದಿಸುತ್ತಾನೆ. ಹೀಗೆ ಶ್ರೋತೃಗಳ ಪ್ರತಿಕ್ರಿಯೆಯು ಕೃತಿಯೊಳಗೇ ಪ್ರವೇಶಿಸಿ ಅದನ್ನು ತಿದ್ದುತ್ತದೆ. ಇದನ್ನು ವಿಮರ್ಶೆಯೆಂದು ಕರೆಯದಿದ್ದರೆ ಮತ್ತಾವುದನ್ನು ಕರೆಯೋಣ? ಇದರಲ್ಲಿ ದೋಷವಿಲ್ಲವೆಂದಲ್ಲ. ಚಪ್ಪಾಳೆಯ ಆಸೆಯಿಂದ ಸುಧನ್ವನ ಭಕ್ತಿಯು ಬರಿಯ ವಾಕ್ಪಟುತ್ವವಾಗಿ, ಮೂದಲಿಕೆಯೇ ರಸವೆನಿಸುವ ಸಂದರ್ಭಗಳೂ ಉಂಟು. ಸಭೆಯ ತೀರ್ಪೆಲ್ಲವೂ ಸಹೃದಯರ ತೀರ್ಪಲ್ಲ.

ಆದರೂ ಅಧ್ಯಾಪಕಮಹನೀಯರಲ್ಲಿ ನನ್ನ ವಿಜ್ಞಾಪನೆಯೊಂದಿದೆ. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗ ಉಪಮೆಗಳನ್ನು ಎಣಿಸಿ ಮುಗಿಸದೆ, ನಿಮ್ಮ ಮನಸ್ಸು ಯಾರ ಕಡೆಗಿದೆಯೆಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಬೇಕು; ಅವರ ಮನೆಯ ಹಿರಿಯರನ್ನೂ ಕೇಳಿಸಬೇಕು. ಓಲೆಯ ಗರಿಯಲ್ಲಿ ಉಳಿದ ಪಾಠಾಂತರಗಳನ್ನು ನಾವು ಕಷ್ಟಪಟ್ಟು ಸಂಗ್ರಹಿಸಿದ್ದೇವೆ. ಕೇಳಿದವರ ಎದೆಯಲ್ಲುಳಿದ ಪಾಠಾಂತರಗಳು ಅವರೊಡನೆಯೇ ಹೋಗುತ್ತಿವೆ. ನನ್ನೊಡನೆ ಮಾತನಾಡಿದ ಆ ವೃದ್ಧರು ಈಗ ಇಲ್ಲ. ಅವರ ಎರಡು ವಾಕ್ಯಗಳಾದರೂ ಇಲ್ಲಿ ಉಳಿಯಲೆಂದು ಬರೆದಿದ್ದೇನೆ.